ಹಿತ್ತಲ ಈಜುಕೊಳವೂ ನನ್ನ ಎಡಗಿವಿಯೂ

ತನಗೆ ಬರುವ ವಿದ್ಯೆಗಳನ್ನು ಮನುಷ್ಯ ಕೇಳದಿದ್ದರೂ ಹೇಳಿಕೊಳ್ಳುತ್ತಾನೆ. ಬಾರದ ವಿದ್ಯೆಗಳನ್ನು ಮಾತ್ರ ಬೀಗರೇ ಕಂಡುಹಿಡಿಯಬೇಕು. ನಾನು ಅವರಿಗೆ ಆ ತೊಂದರೆ ಕೊಡದೆ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಈಜು ಬರುವುದಿಲ್ಲ. ಇದರಲ್ಲೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ನಾನು ಹುಟ್ಟಿದ್ದು ಕೃಷ್ಣಾ ಹೊಳೆಯ ಹತ್ತಿರದ ಅಂಕಲಿಯಲ್ಲಿ. ಆ ಕಡೆ ಎಮ್ಮೆಗಳು ಈಜುತ್ತವೆ, ನಾಯಿಗಳು ಈಜುತ್ತವೆ, ಹಲ್ಲಿಲ್ಲದ ಮುದುಕರು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಈಜುತ್ತಾರೆ. ನಾನೊಬ್ಬ ಮಾತ್ರ ದಂಡೆಯ ಮೇಲೆ ಕುಳಿತು ಗೆಳೆಯರ ಅಂಗಿ ಕಾಯುತ್ತಿದ್ದೆ. ಆ ಕೆಲಸ ಎಷ್ಟು ರೂಢಿಯಾಯಿತೆಂದರೆ, ದೊಡ್ಡವನಾದ ಮೇಲೆ ಚಿಕ್ಕೋಡಿಗೆ ಬಂದು ಬಟ್ಟೆ ಅಂಗಡಿಯನ್ನೇ ಹಾಕಿದೆ.

ಈಜು ಬಾರದಿದ್ದರೆ ಬದುಕು ನಡೆಯುವುದಿಲ್ಲವೆಂದೇನಿಲ್ಲ. ಆದರೆ ನನ್ನ ಸೋದರಮಾವ ಅದನ್ನು ನಡೆಯಲು ಬಿಡಲಿಲ್ಲ. ಸಾಂಗಲಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಹುಡುಗ ಅಂಗಡ್ಯಾಗ ಅರಬಿ ಅಳಿಯೂದು ಬಿಟ್ಟು ಮತ್ತೇನ ಮಾಡ್ತಾನ್ರಿ?" ಎಂದು ಕೇಳಿದರು. ಸೋದರಮಾವ ಅವಲಕ್ಕಿಯ ತಟ್ಟೆಯಿಂದ ತಲೆ ಎತ್ತದೆ, "ಕೃಷ್ಣಾ ಹೊಳಿ ಈ ದಂಡಿಯಿಂದ ಆ ದಂಡಿಗೆ ಈಸ್ತಾನ್ರಿ. ಹೊಳಿ ತುಂಬಿದಾಗ!" ಅಂದ. ನಾನು ಗಾಬರಿಯಿಂದ ತಲೆ ತಗ್ಗಿಸಿದೆ. ಅದನ್ನು ಅವರೆಲ್ಲ ವಿನಯವೆಂದುಕೊಂಡರು. ಮದುವೆಯಾಯಿತು. ಹೆಂಡತಿ ಪದ್ಮಾವತಿಯ ತಮ್ಮನೊಬ್ಬನಿದ್ದ, ಹೆಸರು ಸುಕುಮಾರ, ಮೈ ಮಾತ್ರ ಗರಡಿಯದು. ಅಕ್ಕನ ಗಂಡನನ್ನು ಅವರ ಕಡೆ ಕರೆಯುವಂತೆ ನನ್ನನ್ನು 'ದಾಜಿ' ಎನ್ನುತ್ತಿದ್ದ. ಪ್ರತಿ ವರ್ಷ ಸಾಂಗಲಿಗೆ ಹೋದಾಗಲೂ, "ದಾಜಿ, ನಡ್ರಿ ಹೊಳಿ ಘಾಟಿಗೆ, ಯಾರು ಮೊದಲ ದಾಟ್ತಾರ ನೋಡೂಣು" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಿದ್ದ. ಪ್ರತಿ ವರ್ಷವೂ ನನಗೆ ಎಡಗಿವಿ ನೋಯುತ್ತಿತ್ತು. ಹನ್ನೆರಡು ವರ್ಷ ನೋಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬಟ್ಟೆ ಮಿಲ್ಲಿನವರು ಅಂಗಡಿಗೆ ಕ್ಯಾಲೆಂಡರ್ ಕಳಿಸಿದರು. ಅದರಲ್ಲಿ ಯಾವುದೋ ಬಂಗಲೆಯ ಹಿಂದೆ ನೀಲಿ ನೀಲಿಯಾದ ಈಜುಕೊಳ. ಸೀರೆಯ ಗಿರಾಕಿಗಳನ್ನು ಕೂರಿಸಿಕೊಂಡು ನಾನು ಅದನ್ನೇ ನೋಡುತ್ತಿದ್ದೆ. ನಮ್ಮ ಹಿತ್ತಲು ದೊಡ್ಡದು, ಬಾವಿಯಿದೆ, ಸುತ್ತ ಆಳೆತ್ತರದ ಗೋಡೆಯಿದೆ. ಆ ಗೋಡೆಯೊಳಗೆ ಯಾರ ಕಣ್ಣಿಗೂ ಬೀಳದೆ ಈಜು ಕಲಿತು, ಎಡಗಿವಿಗೆ ನಿವೃತ್ತಿ ಕೊಡಬಹುದಲ್ಲ! ಮನೆಯಲ್ಲಿ ಮಾತ್ರ, "ಬ್ಯಾಸಗಿಗೆ ಮನಿ ತಂಪಿರ್ತೈತಿ" ಅಂದೆ. ಪದ್ಮಾವತಿ ಸಂತೋಷದಿಂದ ಆ ದಿನವೇ ತವರಿಗೆ ಕಾಗದ ಬರೆದಳು. ಎಂಟು ದಿನಕ್ಕೆ ಸುಕುಮಾರನ ಕಾರ್ಡು ಬಂತು. ಮೇ ತಿಂಗಳಲ್ಲಿ ಬರುತ್ತೇನೆ, ದಾಜಿಯ ಕಿವಿ ಅಷ್ಟರಲ್ಲಿ ನೆಟ್ಟಗಾಗಿರಲಿ, ಅವರ ಕೊಳದಲ್ಲೇ ಪಂದ್ಯ. ಗುಟ್ಟು ಮುಚ್ಚಿಡಲು ಹೊರಟವನು ಗುಟ್ಟಿಗೆ ತಾರೀಖು ಗೊತ್ತುಮಾಡಿಕೊಂಡಂತಾಯಿತು.

ಕೊಳ ಕಟ್ಟಲು ಬಂದವನು ಗೌಂಡಿ ಮಾರುತಿ. ಗೋಬರ್ ಗ್ಯಾಸಿನ ಗುಂಡಿ, ದನಗಳಿಗೆ ನೀರಿನ ಟಾಕಿ ಕಟ್ಟುವುದರಲ್ಲಿ ಆ ಭಾಗದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕ್ಯಾಲೆಂಡರ್ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ದನ ಎಲ್ಲಿಂದ ಇಳೀತಾವ್ರಿ?" ಎಂದು ಕೇಳಿದ. ಇದು ಮನುಷ್ಯರಿಗೆ ಎಂದೆ. "ಮನಶಾರು ಸೈತ ಎಲ್ಲಿಂದರ ಇಳೀಬೇಕಲ್ರಿ" ಎಂದು ಒಂದು ಬದಿಗೆ ಎಮ್ಮೆ ಜಾರದಂಥ ಒರಟು ಇಳಿಜಾರು ಮಾಡಿಕೊಟ್ಟ. ನೀರು ಹೊರಹೋಗುವ ತೂತು ಮಾತ್ರ ಮರೆತ. ಟಾಕಿ ಅಂದರೆ ನೀರು ನಿಲ್ಲಬೇಕು, ಹೋಗಬಾರದು ಎಂಬುದು ಅವನ ಜೀವಮಾನದ ಸಿದ್ಧಾಂತ.

ಇನ್ನು ನೀರು ತುಂಬಿಸುವುದೊಂದೇ ಬಾಕಿ ಎಂದು ಪಂಪಿನ ಗುಂಡಿ ಒತ್ತಲು ಹೋದಾಗ ಅವ್ವ ಅಡ್ಡ ಬಂದಳು. ನಾವು ಜೈನರು, ನಮ್ಮ ಮನೆಯಲ್ಲಿ ಸೋಸದ ನೀರು ಒಲೆಯ ಮೇಲೆ ಏರುವುದಿಲ್ಲ. "ಯಪ್ಪಾ, ಸೋಸಲಾರದ ನೀರು ಬಿಡ್ತಿಯೇನ? ಎಷ್ಟ ಜೀವ ಇರ್ತಾವು ಅದರಾಗ!" ಅಂದಳು. ಕೊಡದ ನೀರು ಸೋಸಬಹುದು, ಕೊಳದ ನೀರು ಸೋಸುವುದು ಹೇಗೆ? ಅವ್ವನಿಗೆ ಅದು ಸಮಸ್ಯೆಯೇ ಅಲ್ಲ, ಮಗನದು ಬಟ್ಟೆ ಅಂಗಡಿ. ಒಳ್ಳೆಯ ಮಲ್ಮಲ್ ಬಟ್ಟೆಯ ಥಾನೊಂದನ್ನು ತರಿಸಿ ಎರಡು ಮಡಿಕೆ ಮಾಡಿ ಪೈಪಿನ ಬಾಯಿಗೆ ಕಟ್ಟಿಸಿದಳು. ಪಂಪ್ ಚಾಲೂ ಆದೊಡನೆ ಅರಿವೆ ಊದಿಕೊಂಡು ಢಬ್ ಎಂದು ಹರಿಯಿತು. ಇನ್ನೊಂದು ಕಟ್ಟಿದೆವು. ಅದೂ ಹರಿಯಿತು. ಕೊನೆಗೆ ಪಂಪನ್ನು ಅರೆಗಳಿಗೆಗೊಮ್ಮೆ ನಿಲ್ಲಿಸುತ್ತಾ ಹನ್ನೊಂದು ದಿನ ತುಂಬಿಸಿದೆವು. ಪ್ರತಿ ಸಲ ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುವ ಕೆಲಸ ನನ್ನದು. ಅಂಗಡಿಯ ಯಾವ ಗಿರಾಕಿಯನ್ನೂ ನಾನು ಅಷ್ಟು ಮರ್ಯಾದೆಯಿಂದ ಕಳಿಸಿಕೊಟ್ಟಿದ್ದಿಲ್ಲ.

ಮರುದಿನದಿಂದಲೇ ನಸುಕಿನಲ್ಲಿ ಎದ್ದು ಅಭ್ಯಾಸಕ್ಕಿಳಿದೆ. ಸೊಂಟಕ್ಕೆ ಬಾವಿಯ ಹಗ್ಗ, ಹಗ್ಗದ ಇನ್ನೊಂದು ತುದಿ ನುಗ್ಗೆಗಿಡಕ್ಕೆ. ನನ್ನ ತೊಂದರೆಯೆಂದರೆ, ನೀರು ಮುಖದ ಹತ್ತಿರ ಬಂದರೆ ಸಾಕು, ಬಲಗೈ ನನ್ನನ್ನು ಕೇಳದೆ ಹೋಗಿ ಮೂಗನ್ನು ಹಿಡಿದುಬಿಡುತ್ತದೆ. ಒಂದೇ ಕೈಯಲ್ಲಿ ಬಡಿದರೆ ಮನುಷ್ಯ ಮುಂದೆ ಹೋಗುವುದಿಲ್ಲ, ನಿಂತಲ್ಲೇ ಗಾಣದಂತೆ ತಿರುಗುತ್ತಾನೆ. ನಾಲ್ಕನೆಯ ದಿನ ತಿರುಗಿದ ರಭಸಕ್ಕೆ ನುಗ್ಗೆಯ ಟೊಂಗೆ ಮುರಿದು ತಲೆಯ ಮೇಲೆ ಬಿತ್ತು. ಆ ವಾರವೆಲ್ಲ ನಮ್ಮ ಮನೆಯಲ್ಲಿ ನುಗ್ಗೇಕಾಯಿ ಸಾರು. ಟೊಂಗೆ ಹೇಗೆ ಮುರಿಯಿತೆಂದು ಪದ್ಮಾವತಿ ಕೇಳಲಿಲ್ಲ, ಬಡಿಸುವಾಗ ನಕ್ಕಳು ಅಷ್ಟೇ.

ಅಷ್ಟರಲ್ಲಿ ನೀರು ಹಸಿರಾಗತೊಡಗಿತು. ತಿಳಿದವರು ಬ್ಲೀಚಿಂಗ್ ಪೌಡರ್ ಹಾಕಿ ಅಂದರು. "ಹಾಕಿದರ ಏನಾಗ್ತೈತಿ?" ಎಂದು ಅವ್ವ ಕೇಳಿದಳು. ನೀರು ಸ್ವಚ್ಛವಾಗುತ್ತದೆ ಎಂದೆ. "ಅಂದರ ಅದರಾಗಿದ್ದವು ಸಾಯ್ತಾವು." ಹಾಗಾದರೆ ನೀರನ್ನು ಹೊರಗೆ ಚೆಲ್ಲೋಣ ಎಂದೆ. "ಅದರಾಗ ಹುಟ್ಟಿದವು ಬಿಸಲಾಗ ಎಲ್ಲಿ ಹೋಗಬೇಕು? ನಿನ್ನ ಅಂಗಡಿಗೆ ಬರ್ಲೇನು?" ಹೀಗೆ ಊರಲ್ಲಿ ಯಾರಿಗೂ ಇಲ್ಲದಂಥ ಕೊಳವೊಂದು ನನ್ನದಾಯಿತು, ಔಷಧಿ ಹಾಕುವಂತಿಲ್ಲ, ಖಾಲಿ ಮಾಡುವಂತಿಲ್ಲ, ಪಾಚಿಯಿಂದಾಗಿ ಕಾಲಿಡುವಂತೆಯೂ ಇಲ್ಲ. ನಾನೂ ಸುಮ್ಮನೆ ಕೂರಲಿಲ್ಲ. ಪುಡಿಯ ಚೀಲವೊಂದನ್ನು ಅಂಗಡಿಯಲ್ಲಿ ಲಂಗ-ಪರಕರದ ಗಂಟುಗಳ ಹಿಂದೆ ಬಚ್ಚಿಟ್ಟೆ, ಅವ್ವ ಬಸದಿಗೆ ಹೋದ ಹೊತ್ತಿನಲ್ಲಿ ಸುರಿದುಬಿಡೋಣವೆಂದು. ಅಷ್ಟರಲ್ಲಿ ಮೇ ತಿಂಗಳ ಗುಡುಗು ಮಳೆ ಬಿತ್ತು. ಚಿಕ್ಕೋಡಿಯ ಕಪ್ಪೆಗಳೆಲ್ಲ ನಮ್ಮ ಹಿತ್ತಲಿಗೆ ಬಂದು ಸಂಸಾರ ಹೂಡಿದವು. ವಾರದೊಳಗೆ ನೀರಿನ ತುಂಬ ಬಾಲದ ಮರಿಗಳು. ಅವ್ವ ತಾನು ಮಲಗುವ ಹೊರಸನ್ನು ಕೊಳದ ದಂಡೆಗೇ ಹಾಕಿಸಿ, ಜಪಮಣಿ ಹಿಡಿದು ಕಾವಲು ಕುಳಿತಳು.

ಸುಕುಮಾರ ಬಂದವನೇ ಚಹಾ ಕೂಡ ಕುಡಿಯದೆ ಚಡ್ಡಿಯಲ್ಲಿ ಹಿತ್ತಲಿಗೆ ನಡೆದ. ಹಿಂದೆ ಪದ್ಮಾವತಿ, ಅವಳ ಹಿಂದೆ ನಾನು. ಹನ್ನೆರಡು ವರ್ಷದ ಸುಳ್ಳು ಹೆಂಡತಿಯ ಕಣ್ಣೆದುರೇ ಮುಳುಗುವ ಹೊತ್ತು ಬಂದಿತ್ತು. ಅವ್ವ ಹೊರಸಿನಿಂದ ಎದ್ದು, "ಯಪ್ಪಾ ಸುಕುಮಾರ, ಇಳೀಬ್ಯಾಡ. ಮರಿ ಅದಾವು" ಅಂದಳು. ಆ ಕ್ಷಣ ನನ್ನಲ್ಲಿ ಧರ್ಮ ಜಾಗೃತವಾಯಿತು. "ಅವ್ವ ಹೇಳೂದು ಖರೆ ಐತಿ. ನಮ್ಮ ಆಟಕ್ಕ ಒಂದು ಜೀವ ಸತ್ತರ ಆ ಪಾಪ ಎಲ್ಲಿ ತೊಳಕೊಳ್ಳೂದು?" ಎಂದೆ. ಪರಕರಗಳ ಹಿಂದೆ ಚೀಲ ಇಟ್ಟವನು ನಾನೇ ಎಂಬುದು ನನಗೇ ಮರೆತುಹೋಗಿತ್ತು. ಅವ್ವನ ಕಣ್ಣಲ್ಲಿ ನೀರು ಬಂತು.

"ಹಂಗಾರ ಹೊಳಿಗೆ ನಡ್ರಿ ದಾಜಿ, ಅಂಕಲಿ ಏನ ದೂರ ಐತಿ?" ಅಂದ ಸುಕುಮಾರ. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಿವಿ ಎನ್ನೋಣವೆಂದರೆ ಅವನು ಕಾರ್ಡಿನಲ್ಲೇ ಆ ದಾರಿ ಮುಚ್ಚಿದ್ದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಸೋಸಲಾರದ ನೀರಿಗೆ ಈ ಜನ್ಮದಾಗ ಇಳಿಯೂದಿಲ್ಲ ಅಂತ ನಾ ವ್ರತ ತಗೊಂಡೇನಿ."

ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವ್ವ, ಬರೀ ಬಾಯಿಂದ ಹೇಳಿದರೆ ಅದು ವ್ರತವಾಗುವುದಿಲ್ಲ ಎಂದು ನಿಂತ ಕಾಲಿನಲ್ಲೇ ನನ್ನನ್ನು ಬಸದಿಗೆ ಕರೆದೊಯ್ದು, ಹತ್ತು ಜನರೆದುರು ಶಾಸ್ತ್ರೋಕ್ತವಾಗಿ ಕೈಮುಗಿಸಿದಳು. ಈಜು ಕಲಿಯಲೆಂದು ಕೊಳ ಕಟ್ಟಿಸಿದ ನಾನು, ಎಂದೂ ಈಜುವುದಿಲ್ಲವೆಂದು ಪ್ರಮಾಣ ಮಾಡಿ ಮನೆಗೆ ಬಂದೆ. ಮಾನ ಮಾತ್ರ ಉಳಿದಿತ್ತು. ಊಟಕ್ಕೆ ಕೂತಾಗ ಎರಡು ರೊಟ್ಟಿ ಹೆಚ್ಚೇ ತಿಂದೆ.

ಸುಕುಮಾರ ಸಾಂಗಲಿಗೆ ಹೋದ ಮೇಲೆ ಪದ್ಮಾವತಿಗೆ, "ವ್ರತ ಒಂದ ಇರಲಿಲ್ಲಂದ್ರ ನಿನ್ನ ತಮ್ಮಗ ತೋರಸ್ತಿದ್ದೆ" ಅಂದೆ.

ಅವಳು ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದಳು: "ಸುಮ್ಕಿರ್ರಿ. ಮೊದಲನೇ ದೀಪಾವಳಿಗೆ ನಮ್ಮ ಮನ್ಯಾಗ ನಿಮ್ಮ ತಲಿಗೆ ಎಣ್ಣಿ ಹಚ್ಚಿ ನೀರು ಹಾಕಿದಾಕಿ ನಾನ. ಒಂದೊಂದ ತಂಬಿಗಿಗೂ ಮೂಗು ಗಟ್ಟಿ ಹಿಡಕೊಂಡಿದ್ರಿ. ಅಂಥವರು ತುಂಬಿದ ಹೊಳಿ ಈಸ್ತಾರೇನು?"

ನಾನು, "ಸುಕುಮಾರಗ ಗೊತ್ತೈತೇನು?" ಎಂದು ಕೇಳಿದೆ.

"ಟವೆಲ್ ಹಿಡಕೊಂಡ ಬಾಜೂಕ ನಿಂತಿದ್ದವನ ಅಂವಾ!"

ಹನ್ನೆರಡು ವರ್ಷ ಅವನು ಆಹ್ವಾನಿಸುತ್ತಿದ್ದುದು ಈಜಲು ಅಲ್ಲ, ನನ್ನ ಕಿವಿಯ ಕಥೆ ಕೇಳಲು. ಆ ಕೊಳದಲ್ಲಿ ಇಂದಿಗೂ ಕಪ್ಪೆಗಳು ನನಗಿಂತ ಚೆನ್ನಾಗಿ ಈಜುತ್ತವೆ. ನಾನು ವ್ರತಸ್ಥ, ಬಚ್ಚಲಿನಲ್ಲಿ ಸೋಸಿದ ನೀರಿನಲ್ಲೇ ಸ್ನಾನ ಮಾಡುತ್ತೇನೆ. ಹೊರಗಿನಿಂದ ಪದ್ಮಾವತಿ ದಿನಾ ಕೇಳುತ್ತಾಳೆ: "ಏನ್ರಿ, ಹೊಳಿ ದಾಟಿದ್ರೇನು?" ನಾನು ಉತ್ತರ ಕೊಡುವುದಿಲ್ಲ. ಕೊಡಬೇಕಾದರೆ ಮೂಗು ಬಿಡಬೇಕಾಗುತ್ತದೆ.