ಹಿಮದ ಮೇಲೊಂದು ಮಡಿ

ಇಡೀ ಸ್ಟಾಕ್‌ಪೋರ್ಟಿನಲ್ಲಿ ಬಿಸಿಲು ಬಂದರೆ ಮುಖ ಗಂಟಿಕ್ಕಿಕೊಳ್ಳುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ ಒಬ್ಬರೇ! ಪಕ್ಕದ ಮನೆಯವರು ಬೇಲಿಯ ಮೇಲಿಂದ "ಲವ್ಲಿ ಡೇ, ಡಾಕ್ಟರ್!" ಎಂದು ಕೂಗಿದರೆ, ಇವರು ಸಾವಿನ ಸುದ್ದಿ ಕೇಳಿದವರ ಹಾಗೆ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಾರೆ. ಇವರಿಗೆ ಬೇಕಾದದ್ದು ಹಿಮ. ಮೈಸೂರಿನಲ್ಲಿ ಹುಟ್ಟಿದವರು, ಸ್ವೆಟರ್ ಎಂದರೆ ಊಟಿಗೆ ಹೋಗುವಾಗ ಪಕ್ಕದ ಮನೆಯಿಂದ ಎರವಲು ತರುವ ವಸ್ತು ಎಂದು ತಿಳಿದಿದ್ದವರು, ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿಯಾಗಿ, ಅಂದರೆ ಬಡಾವಣೆಯ ಡಾಕ್ಟರಾಗಿ, ದುಡಿದು ರಿಟೈರಾದ ಮೇಲೆ ಹಿಡಿಸಿಕೊಂಡ ಹುಚ್ಚು ಇದು. ಚಿಕ್ಕಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆದರೂ ನಗುನಗುತ್ತಲೇ ಬರೆಯೋಣ ಎಂದು ಕೂತಿದ್ದೇನೆ, ನಗು ಎಲ್ಲಿಯವರೆಗೆ ಉಳಿಯುತ್ತದೋ ನೋಡೋಣ.

ರಿಟೈರಾದ ಚಳಿಗಾಲದಲ್ಲಿ ಇಬ್ಬರೂ ನಾರ್ವೆಗೆ ಹೋಗಿದ್ದರು. ಅಲ್ಲಿ ಬೆಟ್ಟದ ಮೇಲಿನ ಪಾರ್ಕಿನ ರಸ್ತೆಗೆ ಚಳಿಗಾಲದಲ್ಲಿ ಕಾರು ಬಿಡುವುದಿಲ್ಲವಂತೆ. ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿ, ಕಾಲಿಗೆ ಕಟ್ಟುವ ಸ್ಕೀ ಪಟ್ಟಿಗಳು ಕೂರುವ ಹಾಗೆ ಎತ್ತಿನಗಾಡಿಯ ಜಾಡಿನಂಥ ಗೀರು ಎಳೆಯುತ್ತಾರೆ. ಕಾಲನ್ನು ಜಾಡಿನೊಳಗೆ ಇಟ್ಟರೆ ಆಯಿತು, ಅತ್ತ ಇತ್ತ ಹೋಗುವ ಮಾತೇ ಇಲ್ಲ. ಮಂಡಿನೋವಿನ ಚಿಕ್ಕಮ್ಮ ಅಲ್ಲಿ ಜಾರಿದ್ದೇ ಜಾರಿದ್ದು! ಚಿಕ್ಕಪ್ಪನದು ದಾಪುಗಾಲು, ಮದುವೆಯಾದಾಗಿನಿಂದ ಅಂಗಡಿಗಾಗಲಿ ದೇವಸ್ಥಾನಕ್ಕಾಗಲಿ ಚಿಕ್ಕಮ್ಮ ಹತ್ತು ಹೆಜ್ಜೆ ಹಿಂದೆ. "ಇವತ್ತು ಮೊದಲ್ನೇ ಸಲ ನಿಮ್ಮ ಸಮಕ್ಕೆ ಬಂದೆ ಕಣ್ರೀ" ಅಂದರಂತೆ. ಅಷ್ಟೇ, ಚಿಕ್ಕಪ್ಪ ಎರಡು ಜೊತೆ ಸ್ಕೀ ಕೊಂಡು ತಂದರು.

ಆದರೆ ನಮ್ಮ ಕಡೆಯ ಹಿಮ ಗೊತ್ತಲ್ಲ? ಬೆಳಿಗ್ಗೆ ಬಿದ್ದದ್ದು ಮಧ್ಯಾಹ್ನಕ್ಕೆ ಕೆಸರು. ಊರಾಚೆ ಗುಡ್ಡದ ಮೇಲೊಂದು ಪಾರ್ಕಿದೆ, ಹಿಮ ಬಿದ್ದ ದಿನ ಅದರ ರಸ್ತೆಗೆ ಗೇಟು ಹಾಕುತ್ತಾರೆ. ಕಾರಿಗೆ ಮಾತ್ರ ಗೇಟು, ಚಿಕ್ಕಪ್ಪನಿಗಲ್ಲ. ಜಾಡು ಎಳೆಯುವ ಯಂತ್ರಕ್ಕೆ ಎಲ್ಲಿ ಹೋಗುವುದು? ಹಬ್ಬದಲ್ಲಿ ಕೂರುವ ಮಣೆಯ ಅಡಿಗೆ ಎರಡು ಪಟ್ಟಿ ಹೊಡೆದು, ಮೇಲೆ ಸೋನಾ ಮಸೂರಿ ಅಕ್ಕಿಯ ಚೀಲ ಬಿಗಿದು, ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ತಾವೇ ಎಳೆದರು!

"ರೀ, ಅನ್ನಕ್ಕಿಡೋಣ ಅಂದ್ರೆ ಅಕ್ಕಿ ಚೀಲ ಎಲ್ರೀ?" ಎಂದು ಚಿಕ್ಕಮ್ಮ ಫೋನು ಮಾಡಿದರೆ, "ಬೆಟ್ಟದ ಮೇಲೆ ಡ್ಯೂಟಿಲಿದೆ. ಇವತ್ತು ಚಪಾತಿ ಮಾಡು!" ಎಂಬ ಉತ್ತರ.

ಎರಡು ಜಾಡು, ಪಕ್ಕಪಕ್ಕದಲ್ಲಿ. ಬಲಗಡೆಯದು ಇವರದು, ಎಡಗಡೆಯದು ಚಿಕ್ಕಮ್ಮನದು. ಅದರ ಮೇಲೆ ಯಾರೂ ಕಾಲಿಡುವ ಹಾಗಿಲ್ಲ! ನನಗೆ ಸ್ಕೀ ಬಾರದು ಎಂದು ಬ್ಯಾಡ್ಮಿಂಟನ್ ಬ್ಯಾಟಿನಂಥ ಸ್ನೋಶೂಗಳನ್ನು ಕಾಲಿಗೆ ಕಟ್ಟಿಸಿ, "ಅಂಚಲ್ಲಿ ನಡಿಯೇ, ಅಂಚಲ್ಲಿ! ಮುಟ್ಟೀಯ!" ಎಂದು ದಾರಿಯುದ್ದಕ್ಕೂ ಕಿರುಚಾಟ. ಒಮ್ಮೆ ಯಾರದೋ ನಾಯಿ ಜಾಡು ತುಳಿಯಿತು. ನಾಯಿಯ ಯಜಮಾನಿಗೆ ವಿನಯದಿಂದಲೇ ಒಂದು ಪುಟ್ಟ ಉಪನ್ಯಾಸ ಕೊಟ್ಟು, ಮಣೆ ತಂದು ಮತ್ತೆ ಮೊದಲಿಂದ ಎಳೆದರು. ಅಜ್ಜಿ ಒಣಹಾಕಿದ ಮಡಿಸೀರೆಯನ್ನು ಬೇಕೆಂದೇ ಮುಟ್ಟಿ ಓಡುತ್ತಿದ್ದ ಮಹಾ ಕ್ರಾಂತಿಕಾರಿ ಇದೇ ಚಿಕ್ಕಪ್ಪ!

"ನಿಮ್ಮಮ್ಮ ಮೇಲಿಂದ ನೋಡ್ಕೊಂಡು ಎಷ್ಟು ನಗ್ತಿದಾರೋ" ಎಂದು ಚಿಕ್ಕಮ್ಮ ನಗುತ್ತಾ ವಾಲಿದರೆ, "ಮಂಡಿ ಬಗ್ಗಿಸೇ, ಮಂಡಿ!" ಎಂದು ಇವರ ಗದರಿಕೆ. "ಬಗ್ಗಿಸಿದೀನ್ರೀ, ನೀವು ಮುಂದೆ ನೋಡ್ಕೊಂಡು ಹೋಗಿ!" ಎಂದು ಅವರ ಮರುತ್ತರ. ಪ್ರತಿ ಸಲವೂ ಇದೇ ಮಾತು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ.

ಹೋದ ವರ್ಷ ಚಿಕ್ಕಮ್ಮನಿಗೆ ಕ್ಯಾನ್ಸರು ಕಾಣಿಸಿಕೊಂಡು ಮೂಳೆಗೆ ಇಳಿಯಿತು. ದೀಪಾವಳಿಯ ಹೊತ್ತಿಗೆ ಮೆಟ್ಟಿಲು ಹತ್ತುವುದೂ ಆಗುತ್ತಿರಲಿಲ್ಲ. "ಈ ಸಲ ಸ್ನೋ ಬಿದ್ರೆ ಒಂದೇ ಒಂದು ರೌಂಡು ಹೋಗೋಣ ರೀ" ಎಂದರು. ಅವತ್ತಿನಿಂದ ಚಿಕ್ಕಪ್ಪ ಸ್ಕೀಗಳಿಗೆ ಮೇಣ ಹಚ್ಚತೊಡಗಿದರು, ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆಯೇ ಸತ್ತುಹೋಯಿತು. ಮಣೆಗೊಂದು ಕುರ್ಚಿ ಬಿಗಿದರು. ನಿಲ್ಲಲಾಗದಿದ್ದರೆ ಕೂರಿಸಿಕೊಂಡು ತಾವೇ ಎಳೆಯುತ್ತಾರಂತೆ, ಅಕ್ಕಿಯ ಚೀಲದ ಬದಲು ಹೆಂಡತಿ! ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿ "ಮೈಲ್ಡ್", ಅಂದರೆ ಚಳಿ ಕಮ್ಮಿ, ಎಂದಾಗಲೆಲ್ಲ ಅವಳೊಡನೆ ಜಗಳಕ್ಕೆ ನಿಂತರು. ಡಿಸೆಂಬರ್ ಹಸಿರಾಗಿಯೇ ಹೋಯಿತು, ಜನವರಿಯಲ್ಲಿ ಬರೀ ಮಳೆ.

ನಾನು ವಿದನ್‌ಶಾದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಒಂದು ಸಂಜೆ ಚಿಕ್ಕಪ್ಪ ಮನೆಯ ಬಾಗಿಲ ಹತ್ತಿರ ನನ್ನನ್ನು ತಡೆದು, "ಮಾರ್ಚ್‌ವರೆಗೂ ಇರ್ತಾಳಾ? ಮಾರ್ಚಲ್ಲೂ ಬೀಳುತ್ತೆ" ಎಂದು ಪಿಸುಗುಟ್ಟಿದರು.

"ನಿಮಗೆ ಗೊತ್ತಿಲ್ದೇ ಇರೋದು ನಾನೇನು ಹೇಳ್ಲಿ? ನೀವೂ ಡಾಕ್ಟರೇ ಅಲ್ವಾ ಚಿಕ್ಕಪ್ಪ?"

"ನಾನೀಗ ಬರೀ ಗಂಡ ಕಣೇ" ಅಂದರು.

ಫೆಬ್ರವರಿಯಲ್ಲಿ, ಒಳ್ಳೆಯ ಬಿಸಿಲಿನ ದಿನ, ಚಿಕ್ಕಮ್ಮ ಹೋಗಿಬಿಟ್ಟರು. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಹಿಮ ಬಿತ್ತು ನೋಡಿ! ಅಂಥಿಂಥ ಹಿಮವಲ್ಲ, ಮೊಣಕಾಲುದ್ದ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿತ್ತು? ಕಿಟಕಿಯಲ್ಲಿ ನಿಂತು ಆಕಾಶಕ್ಕೆ ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಫೋನು, "ಸ್ನೋಶೂ ತಗೊಂಡು ಬಾ."

ಹೋದೆ. ಅಷ್ಟರಲ್ಲಾಗಲೇ ಚಿಕ್ಕಪ್ಪ ಮಣೆ ಎಳೆದು ಮುಗಿಸಿದ್ದರು. ರಸ್ತೆಯುದ್ದಕ್ಕೂ ಜಾಡು, ಎರಡು. ಅಭ್ಯಾಸಬಲ! ನಾನು ಅಂಚು ಹಿಡಿದು ನಡೆದೆ. ಬಲಗಡೆಯ ಜಾಡಿನಲ್ಲಿ ಅವರು ಮೆಲ್ಲಗೆ ಜಾರುತ್ತಿದ್ದರು, ಆ ದಾಪುಗಾಲಿನ ಸುಳಿವೇ ಇಲ್ಲ. ಎದುರಿಗೆ ಓಡುತ್ತಾ ಬಂದ ಯುವಕನೊಬ್ಬ ಎಡಗಡೆಯ ಜಾಡಿಗೆ ಕಾಲಿಡಹೋದ. "ಸಾರಿ, ದಟ್ ಒನ್ ಈಸ್ ಮೈ ವೈಫ್ಸ್" ಅಂದರು ಚಿಕ್ಕಪ್ಪ. ಅವನು ಪಾಪ, ನನ್ನ ಹಿಂದೆ ಮುಂದೆಲ್ಲ ಹೆಂಡತಿಯನ್ನು ಹುಡುಕಿ, ಆಮೇಲೆ ಚಿಕ್ಕಪ್ಪನ ಮುಖ ನೋಡಿ, ದೂರ ಸರಿದುಕೊಂಡು ಓಡಿದ.

ಮತ್ತೆ ಹಿಮ ಶುರುವಾಯಿತು. ಚಿಕ್ಕಪ್ಪ ನಿಂತರು. ಆ ಖಾಲಿ ಜಾಡಿನೊಳಗೆ ಹಿಮ ತುಂಬುವುದನ್ನೇ ನೋಡುತ್ತಾ ನಿಂತುಬಿಟ್ಟರು.

"ಅದರಲ್ಲಿ ನಡಿಯೇ" ಅಂದರು.

"ಬೇಡ ಚಿಕ್ಕಪ್ಪ. ಹಾಳಾಗುತ್ತೆ."

"ಹಾಳಾಗ್ಲಿ ಬಿಡು. ಖಾಲಿ ಇರೋದನ್ನ ನೋಡಕ್ಕಾಗ್ತಿಲ್ಲ ನಂಗೆ."

ಹೆದರುತ್ತಲೇ ಆ ಅಗಲವಾದ ಪಾದಗಳನ್ನು ಚಿಕ್ಕಮ್ಮನ ಜಾಡಿನಲ್ಲಿಟ್ಟೆ. ಅಂಚು ಕುಸಿಯಿತು. ಇಬ್ಬರೂ ಸಮಸಮಕ್ಕೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ತಿರುಗದೆ ಅವರು ಕೂಗಿದರು, "ಮಂಡಿ ಬಗ್ಗಿಸೇ, ಮಂಡಿ!"

ಸ್ನೋಶೂಗೆ ಮಂಡಿ ಬಗ್ಗಿಸುವ ಅಗತ್ಯವೇ ಇಲ್ಲ. ಆದರೂ ಬಗ್ಗಿಸಿದೆ.

"ಬಗ್ಗಿಸಿದೀನಿ ಚಿಕ್ಕಪ್ಪ, ನೀವು ಮುಂದೆ ನೋಡ್ಕೊಂಡು ಹೋಗಿ" ಅಂದೆ.