ಒಂದು ಪ್ರೊಸೆಸರೋ, ಎರಡೋ

ಯಾವುದೇ ವಸ್ತುವನ್ನು ಕೊಳ್ಳುವುದಕ್ಕಿಂತ, ಯಾವುದನ್ನು ಕೊಳ್ಳಲಿ ಎಂದು ಯೋಚಿಸುವುದರಲ್ಲೇ ನನಗೆ ಸುಖ ಹೆಚ್ಚು. ಚಪ್ಪಲಿ ಅಂಗಡಿಯಲ್ಲಿ ಎರಡು ಜೋಡಿ ಮುಂದಿಟ್ಟುಕೊಂಡು ಸಂಜೆ ಮಾಡಿ, ಕೊನೆಗೆ ಹಳೆಯದನ್ನೇ ಮೆಟ್ಟಿಕೊಂಡು ಮನೆಗೆ ಬಂದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದರಿಂದ ಈ ರೋಗಕ್ಕೆ ಕೂಲಂಕಷ ವಿಚಾರ ಎಂಬ ಒಳ್ಳೆಯ ಹೆಸರನ್ನೂ ಇಟ್ಟುಕೊಂಡಿದ್ದೆ. ಇದರಿಂದ ಯಾರಿಗೂ ಕೆಡುಕಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ನನ್ನ ಹೆಂಡತಿ ನೀಲವ್ವ ನೇಕಾರರ ಮನೆಯ ಮಗಳು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಕುಳಿತು ಸೀರೆಯ ಸೆರಗಿಗೆ ಚಿತ್ರ ಬರೆದುಕೊಡುವುದು ಅವಳ ಕಸುಬು. ಗ್ರಾಫ್ ಹಾಳೆಯ ಸಾಸಿವೆಯಷ್ಟು ಚೌಕಗಳನ್ನು ಒಂದೊಂದಾಗಿ ಕೆಂಪು ಶಾಯಿಯಿಂದ ತುಂಬಬೇಕು. ಒಂದು ಚೌಕ ತಪ್ಪಿದರೂ ಬಟ್ಟೆಯ ಮೇಲಿನ ಬಳ್ಳಿ ನಡುವೆಯೇ ಕಡಿದು ಹರಿಯುತ್ತದೆ. ಹದಿನೈದು ವರ್ಷಗಳಲ್ಲಿ ಅವಳ ಬಳ್ಳಿ ಒಮ್ಮೆಯೂ ಹರಿದಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಒಂದು ಸಂಜೆ ಅವಳು ಪೆನ್ನು ಕೆಳಗಿಟ್ಟು, “ಏನ್ರಿ, ಯಾಕೋ ಚೌಕ ಒಂದರಾಗ ಒಂದು ಕೂಡಾಕತ್ತಾವ್ರಿ. ದೀಪದ ಸುತ್ತ ಬಣ್ಣದ ಬಳಿ ಕಾಣಸ್ತಾವು” ಎಂದಳು. ಡಾಕ್ಟರ ಬಳಿ ಕರೆದೊಯ್ಯಬೇಕಿದ್ದ ಗಂಡ ಏನು ಮಾಡಿದ ಎನ್ನುತ್ತೀರಿ? ಬೆಳಕು ಹೇಗೆ ಏಳು ಬಣ್ಣವಾಗಿ ಒಡೆಯುತ್ತದೆಂದು ಅರ್ಧ ಗಂಟೆ ಪಾಠ ಮಾಡಿದ. ಕೊನೆಗೆ ಕನಿಕರವೂ ಬಂದು, “ಇನ್ನ ಹಾಳಿ ಮ್ಯಾಲೆ ಬರಿಯೋದು ಬ್ಯಾಡ. ಕಂಪ್ಯೂಟರ್ ತರೋಣು. ಒಂದೊಂದು ಚೌಕ ಅಂಗೈಯಷ್ಟು ದೊಡ್ಡದು ಮಾಡಿ ತೋರಸ್ತೈತಿ” ಎಂದೆ. ಅವಳ ಮುಖ ಅರಳಿತು.

ಮರುದಿನವೇ ಗಂಗಾವತಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಖಾದರಸಾಬರು ಚಿತ್ರದ ಕೆಲಸಕ್ಕೆ ತಕ್ಕದ್ದೊಂದನ್ನು ತೋರಿಸಿದರು. ನಾನು ಪತ್ರಿಕೆಯೊಂದರಲ್ಲಿ ಎರಡು ಪ್ರೊಸೆಸರ್, ಅಂದರೆ ಎರಡು ಮಿದುಳು, ಇರುವ ಯಂತ್ರದ ಬಗ್ಗೆ ಓದಿಕೊಂಡು ಹೋಗಿದ್ದೆ. ಕೇಳಿಯೇಬಿಟ್ಟೆ.

“ಇರ್ತಾವ್ರಿ ಸರ, ಹೈದರಾಬಾದಿಂದ ತರಸಬೇಕಾಗ್ತೈತಿ. ಆದ್ರ ನಿಮ್ಮ ಚಿತ್ರದ ಸಾಫ್ಟ್‌ವೇರ್ ಒಂದರ ಮ್ಯಾಲೇ ಓಡ್ತೈತಿ. ಇನ್ನೊಂದು ಖಾಲಿ ಕುಂದರ್ತೈತ್ರಿ” ಎಂದರು.

ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೆ ಮಾತು ಮುಗಿಸುತ್ತಿದ್ದ. ನಾನು ಎರಡೂ ಯಂತ್ರಗಳ ವಿವರದ ಕಾಗದ ಹಿಡಿದುಕೊಂಡು ಮನೆಗೆ ಬಂದೆ. ನೋಟುಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಒಂದರ ಗುಣ, ಬಲಕ್ಕೆ ಎರಡರ ಗುಣ ಬರೆಯತೊಡಗಿದೆ. ಶಾಲೆಯಲ್ಲಿ ಸಹೋದ್ಯೋಗಿಗಳು ನನ್ನನ್ನು ಕಂಡರೆ, ಮತ್ತೆ ಅದೇ ಮಾತು ತೆಗೆದಾನೆಂದು ಡಬ್ಬಿ ಮುಚ್ಚಿಕೊಂಡು ಬೇರೆ ಕೋಣೆಗೆ ಊಟಕ್ಕೆ ಹೋಗುವಂತಾಯಿತು. ನೀಲವ್ವ ಆಗಾಗ, “ಅದು ಯಾವಾಗ ಬರ್ತೈತ್ರಿ?” ಎನ್ನುತ್ತಿದ್ದಳು. “ಇನ್ನೊಂದು ತಿಂಗಳು ತಡಿ, ಇನ್ನೂ ಹೊಸಾದು ಬರಾಕತ್ತೈತಿ” ಎನ್ನುತ್ತಿದ್ದೆ. ಅವಳು ಬರೆಯಲು ಕೂರುವ ಚಾಪೆಯನ್ನು ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳದ ಬಿಸಿಲಿಗೆ ಸರಿಸುತ್ತ ಹೋದಳು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕಣ್ಣು ಚೆನ್ನಾಗಿದ್ದದ್ದು ನನ್ನದೇ.

ಹೀಗೇ ಆರು ತಿಂಗಳು ಕಳೆದವು. ಒಂದು ದಿನ, ಅವಳ ಚಿತ್ರ ನೋಡಿ ನೇಯುವ ನೇಕಾರ ಹನುಮಂತಪ್ಪ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎಂಬಂತೆ ತಾನು ನೇಯ್ದ ಸೀರೆಯ ಸೆರಗು ಬಿಚ್ಚಿ ತೋರಿಸಿದ. “ಸಿಟ್ಟಾಗಬ್ಯಾಡ್ರಿ ಅಕ್ಕಾರ, ಇಲ್ಲಿ ಬಳ್ಳಿ ಹರದೈತ್ರಿ.”

ನೀಲವ್ವ ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. “ಎಲ್ಲೈತೋ ಯಪ್ಪಾ?” ಎಂದಳು. ಹನುಮಂತಪ್ಪ ನನ್ನ ಮುಖ ನೋಡಿದ.

ಆ ದಿನವೇ ಹುಬ್ಬಳ್ಳಿಗೆ ಕರೆದೊಯ್ದೆ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದಷ್ಟನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. “ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ, “ಮೊನ್ನಿ ಮೊನ್ನಿಯಿಂದ್ರಿ” ಎಂದಳು. ನನ್ನನ್ನು ಉಳಿಸಲು ಅವಳು ಹೇಳಿದ ಸುಳ್ಳು ಅದು. ಡಾಕ್ಟರು ನಂಬಲಿಲ್ಲ.

ಮುಂದಿನ ವಾರ ಒಂದೇ ಪ್ರೊಸೆಸರಿನ ಕಂಪ್ಯೂಟರನ್ನು ಹತ್ತು ನಿಮಿಷದಲ್ಲಿ ಕೊಂಡೆ. ಖಾದರಸಾಬರು ಬೆರಗಾಗಿ, “ಮನಿಯಾಗ ಎಲ್ಲಾ ಆರಾಮ ಅದಾರಲ್ರಿ ಸರ?” ಎಂದು ಕೇಳಿದರು. ತಲೆ ಅಲ್ಲಾಡಿಸಿ ಬಂದೆ. ಆದರೆ ಅಂಗೈಯಷ್ಟು ದೊಡ್ಡದು ಮಾಡಿದ ಚೌಕವೂ ನೀಲವ್ವನಿಗೆ ಮಸುಕು ಮಸುಕು. ಆದ್ದರಿಂದ ಅವಳು ಕಣ್ಣು ಮುಚ್ಚಿ ಹೇಳುತ್ತಾಳೆ, ನಾನು ಮೌಸ್ ಹಿಡಿದು ತುಂಬುತ್ತೇನೆ. “ಬಲಕ್ಕ ಮೂರು ತುಂಬ್ರಿ. ಒಂದು ಬಿಡ್ರಿ. ಕೆಳಗ ಇಳೀರಿ.” ಇಡೀ ಸೆರಗು ಅವಳ ತಲೆಯಲ್ಲಿರುತ್ತದೆ.

ನಾವು ಹೀಗೆ ಮೊದಲು ಬರೆದದ್ದು ಹಂಸದ ಸಾಲು. ಹನುಮಂತಪ್ಪ ಅದನ್ನು ನೇಯ್ದು ತಂದು, “ಕೋಳಿ ಭಾಳ ಛಲೋ ಬಂದಾವ್ರಿ ಸರ” ಎಂದ. ನೀಲವ್ವ ಸೆರಗಿನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. “ಕುತ್ತಿಗಿ ಎಲ್ಲಿ ಹೋತ್ರಿ?”

“ನೀ ಮೂರು ಅಂದ್ಯೋ ನಾಕು ಅಂದ್ಯೋ ಅಂತ ವಿಚಾರ ಮಾಡಾಕತ್ತಿದ್ದೆ.”

“ನೀವು ವಿಚಾರ ಮಾಡಬ್ಯಾಡ್ರಿ” ಎಂದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆ ಸೀರೆಯನ್ನು ಅವಳು ಮಾರಲು ಬಿಡಲಿಲ್ಲ. ಮದುವೆ ಮುಂಜಿಗೆಲ್ಲ ಅದನ್ನೇ ಉಡುತ್ತಾಳೆ. ಸೆರಗಿನ ತುಂಬ ಕೋಳಿ ನೋಡಿ ಹೆಂಗಸರು, “ಇದ್ಯಾರು ಬರದಾರ್ರಿ?” ಎಂದು ಕೇಳುತ್ತಾರೆ. “ನಮ್ಮ ಮನಿಯವ್ರು ಬರದಾರ್ರಿ” ಎಂದು ಅವಳು ಅಭಿಮಾನದಿಂದ ನಾನು ನಿಂತಿದ್ದ ಕಡೆ ಕೈ ತೋರಿಸುತ್ತಾಳೆ. ಅಷ್ಟರಲ್ಲಿ ನಾನು ಅಲ್ಲಿಂದ ಜಾಗ ಖಾಲಿ ಮಾಡಿರುತ್ತೇನೆ. ಅದು ಅವಳಿಗೆ ಕಾಣುವುದಿಲ್ಲ.