ಬೆಂಗಳೂರಿಗೆ ಕೈ ಬೀಸಿಕೊಂಡು

ಕೈ ಬೀಸಿಕೊಂಡು ಊರಿಗೆ ಹೋಗೋದು ಅಂದರೆ ಏನು ಅಂತ ನಮ್ಮ ಗುಂಡ್ಲುಪೇಟೆ ಕಡೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಎರಡು ದಿನದ ಮಟ್ಟಿಗೆ ಹೊರಟರೂ ಸರಿ, ಬಸ್ಸಿನ ಮೇಲೆ ಒಂದು ಮೂಟೆ, ಸೀಟಿನ ಕೆಳಗೆ ಒಂದು ಗಂಟು, ತೊಡೆ ಮೇಲೆ ಒಂದು ಚೀಲ ಇರಲೇಬೇಕು. ಇಲ್ಲದಿದ್ದರೆ ಗಂಡ ಹೆಂಡತಿ ಜಗಳ ಆಡಿಕೊಂಡು ಹೊರಟಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಯಾವತ್ತೂ ಕೊರತೆ ಬಂದಿದ್ದಿಲ್ಲ.

ಆಗಿನ್ನೂ ಚಾಮರಾಜನಗರ ಜಿಲ್ಲೆ ಆಗಿರಲಿಲ್ಲ. ನಾನು ಗುಂಡ್ಲುಪೇಟೆಯ ಒಂದು ಸ್ಕೂಲಿನಲ್ಲಿ ಹೊಲಿಗೆ ಟೀಚರು. ನಮ್ಮ ಯಜಮಾನರು ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿಬರುವ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ, ಅಷ್ಟೇ. ನನಗೊಂದು ಆಸೆ ಇತ್ತು. ಹೆಗಲಿಗೆ ಒಂದೇ ಒಂದು ಬ್ಯಾಗು ಹಾಕಿಕೊಂಡು ಬೆಂಗಳೂರಿಗೆ ಹೋಗಬೇಕು, ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೇಲೆ ಕೂರಬೇಕು, ಲಾಲ್‌ಬಾಗಿನಲ್ಲಿ ಎರಡೂ ಕೈ ಬೀಸಿಕೊಂಡು ಓಡಾಡಬೇಕು. ಚಿನ್ನ ಕೇಳಿದೆನೇ, ಸೀರೆ ಕೇಳಿದೆನೇ? ಮದುವೆ ಆದಾಗಿನಿಂದ ಕೇಳಿದ್ದು ಇದೊಂದೇ.

೧. ಪೇಟೆ ಕಾಯಿ

ಬೆಂಗಳೂರಿಗೆ ಮೊದಲು ಮೈಸೂರಿನಲ್ಲಿ ಅಭ್ಯಾಸ ಮಾಡಿಕೊಳ್ಳೋಣ ಅಂದರು ಯಜಮಾನರು. ಅಲ್ಲಿ ನಮ್ಮ ನಾದಿನಿ ಮನೆ ಇದೆ, ಎರಡು ದಿನ ಇದ್ದು ಬರೋದು, ಒಂದೇ ಬ್ಯಾಗು. ಅತ್ತೆಗೂ ಮೊದಲೇ ಹೇಳಿಬಿಟ್ಟೆ. ಅವರು ಚಕಾರ ಎತ್ತದೆ ಒಪ್ಪಿದರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಸಂತೆ ಇಳಿದಿತ್ತು. ಮೈಸೂರು ದಾರಿಯ ಬೇಗೂರಿನಲ್ಲಿರುವ ನಮ್ಮ ಹೊಲದಿಂದ ಸಾಂಬಾರ್ ಈರುಳ್ಳಿ ಒಂದು ಚೀಲ, ಒಂದು ಬಾಳೆಗೊನೆ, ತೆಂಗಿನಕಾಯಿ, ಹುರುಳಿ, ಇವೆಲ್ಲದರ ಪಕ್ಕದಲ್ಲಿ ಎರಡು ಕೈಯಲ್ಲಿ ತಬ್ಬಿ ಹಿಡಿಯಬೇಕಾದಂಥ ಒಂದು ಸಿಹಿಗುಂಬಳ. ಒಂದೇ ಬ್ಯಾಗು ಅಂದಿದ್ದೆನಲ್ಲ ಅತ್ತೆ ಅಂದೆ.

"ಬ್ಯಾಗು ಒಂದೇ ತಾನೆ ಇರಾದು. ಇವೇನು ಲಗೇಜಾ? ತಿನ್ನೋ ಪದಾರ್ಥ ಕಣಮ್ಮಿ," ಅಂದರು.

ಆ ಕುಂಬಳಕಾಯಿ ನನ್ನ ತೊಡೆ ಮೇಲೆ ಕೂತು ಮೈಸೂರು ನೋಡಿತು. ನಾನು ನೋಡಿದ್ದು ಕುಂಬಳಕಾಯಿಯನ್ನು. ನಾದಿನಿ ತುಂಬಾ ಸಂತೋಷಪಟ್ಟಳು. ಎರಡು ದಿನ ಕಳೆದು ನಾವು ಹೊರಡುವಾಗ ಅವಳಿಗೊಂದು ಸಂಕಟ ಶುರುವಾಯಿತು. ತವರಿನಿಂದ ಚೀಲ ತುಂಬಿ ಬಂದಿದೆ, ಅದನ್ನು ಬರಿದು ಮಾಡಿ ವಾಪಸ್ಸು ಕಳಿಸೋದು ಹೇಗೆ? ಒಳಗೆಲ್ಲ ತಡಕಾಡಿ ಅದೂ ಇದೂ ತುಂಬಿದಳು. ಕೊನೆಗೆ ನನ್ನನ್ನು ಅಡುಗೆಮನೆಗೆ ಕರೆದು, ಅತ್ತಿಗೆ, ನಮ್ಮ ಮನೇಲಿ ಯಾರೂ ಇದನ್ನು ಮುಟ್ಟಲ್ಲ, ಹಾಳಾಗಿ ಹೋಗುತ್ತೆ, ಅವ್ವನಿಗಾದರೆ ಇಷ್ಟ ಅಂತ ಪಿಸುಗುಟ್ಟಿ ಅದೇ ಕುಂಬಳಕಾಯಿ ಕೈಗಿಟ್ಟಳು. ಮತ್ತೆ ತೊಡೆ ಮೇಲೆ ಇಟ್ಟುಕೊಂಡು ಬಂದೆ.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ತಟ್ಟಿ ನೋಡಿದರು. ಗುರುತು ಹಿಡಿದೇಬಿಟ್ಟರು ಅಂದುಕೊಂಡೆ.

"ನೋಡಮ್ಮಿ, ನನ್ನ ಮಗಳು ಎಂಥಾ ಕಾಯಿ ಕೊಟ್ಟವಳೆ. ಏನೇ ಅನ್ನು, ಪೇಟೆ ಕಾಯಿ ಪೇಟೆ ಕಾಯೇ. ನಮ್ಮ ಹೊಲದಲ್ಲಿ ಬುಡ್ತವ ಇಂಥವು?" ಅಂದರು.

೨. ಗುಂಡುಕಲ್ಲು

ಮುಂದಿನ ಸಲ ನೇರ ಬೆಂಗಳೂರಿಗೇ ಹೊರಟೆವು. ನೆಂಟರ ಮನೆಯೇ ಬೇಡ, ಲಾಡ್ಜಿನಲ್ಲಿ ಇರೋದು ಅಂತ ತೀರ್ಮಾನ. ಅತ್ತೆ ಏನಾದರೂ ಕೊಟ್ಟು ಕಳಿಸೋಕೆ ಅಲ್ಲಿ ಯಾರೂ ಇರಲಿಲ್ಲ. ಬದುಕಿದೆ ಅಂದುಕೊಂಡೆ.

ಆದರೆ ನಮ್ಮ ಬೀದಿ ಬಿಡಬೇಕಲ್ಲ. ಯಜಮಾನರು ರಜದ ಹಿಂದಿನ ದಿನ ಎರಡು ಪ್ಯಾಂಟು ಒಟ್ಟಿಗೆ ಇಸ್ತ್ರಿಗೆ ಕೊಟ್ಟಿದ್ದೇ ತಪ್ಪಾಯಿತು. ಇಸ್ತ್ರಿಯವನಿಂದ ಹಾಲಿನವಳಿಗೆ, ಅವಳಿಂದ ಇಡೀ ಬೀದಿಗೆ ಗೊತ್ತಾಯಿತು. ಸಂಜೆ ಹೊತ್ತಿಗೆ ಜಗಲಿ ತುಂಬಿತು. ಹೆಂಗಿದ್ದರೂ ಹೋಗ್ತಾ ಇದ್ದೀರಲ್ಲ ಅಂತ ಒಬ್ಬರು ಮೊಮ್ಮಗನಿಗೆ ಚಕ್ಕುಲಿ ತಂದರು, ಇನ್ನೊಬ್ಬರು ತಮ್ಮನಿಗೆ ಅರಿಸಿನದ ಪುಡಿ ತಂದರು. ಎದುರು ಮನೆಯಾಕೆ ಮಾತ್ರ ಗೋಣಿಯಲ್ಲಿ ಸುತ್ತಿದ್ದನ್ನು ದಪ್ಪಂತ ಇಳಿಸಿದರು. ನೋಡಿದರೆ ರುಬ್ಬುವ ಗುಂಡು. ಬೆಂಗಳೂರಿನಲ್ಲಿರುವ ಮಗಳಿಗೆ ಮಿಕ್ಸಿಯ ಚಟ್ನಿ ಬಾಯಿಗೆ ಹತ್ತುತ್ತಿಲ್ಲವಂತೆ. ಒರಳು ಎಲ್ಲಿ ಅಂತ ಕೇಳಿದೆ. ಪಾಪ, ಒರಳು ಭಾರ ಆಗುತ್ತೆ, ನಿಮಗೆ ಯಾಕೆ ತೊಂದರೆ ಕೊಡಲಿ, ಅದನ್ನು ಮುಂದೆ ಹೋಗುವವರ ಕೈಲಿ ಕಳಿಸುತ್ತೇನೆ ಅಂದರು. ನಮ್ಮ ಮೇಲೆ ಅಷ್ಟು ಕರುಣೆ ಅವರಿಗೆ!

ಬೆಂಗಳೂರಿನ ಮೊದಲ ದಿನ ಚಕ್ಕುಲಿ, ಅರಿಸಿನ ಹಂಚುವುದರಲ್ಲಿ ಮುಗಿಯಿತು. ಯಾವ ಮನೆಯೂ ಇನ್ನೊಂದು ಮನೆಯ ಹತ್ತಿರ ಇರಲಿಲ್ಲ. ಎರಡನೇ ದಿನ ಗುಂಡನ್ನು ಒಬ್ಬರಾದ ಮೇಲೆ ಒಬ್ಬರು ಹೊತ್ತುಕೊಂಡು, ವಿಳಾಸ ಕೇಳಿಕೊಂಡು, ಒಂದು ಮನೆಯ ಮೂರನೇ ಮಹಡಿ ಹತ್ತಿದೆವು. ಲಾಲ್‌ಬಾಗಿನ ಗೇಟಿನ ಮುಂದೆಯೇ ಹಾದುಹೋದೆವು, ಆದರೆ ಕಲ್ಲು ಹೊತ್ತುಕೊಂಡು ಹೂವು ನೋಡೋಕೆ ಯಾರು ಹೋಗುತ್ತಾರೆ? ನನಗೆ ಅಳುವೇ ಬಂದಿತ್ತು.

ಆ ಹುಡುಗಿ ಬಾಗಿಲು ತೆಗೆದು ನಮ್ಮನ್ನು ನೋಡಿದಳು, ಗೋಣಿ ನೋಡಿದಳು.

"ಅಯ್ಯೋ ಅಕ್ಕ, ನೀವೂ ಗುಂಡೇ ತಂದ್ರಾ?" ಅಂದಳು. ಒಳಗೆ ಇಣುಕಿದರೆ ಕೋಣೆಯ ಬಾಗಿಲು ಬಡಿದುಕೊಳ್ಳದ ಹಾಗೆ ಒಂದು ಗುಂಡು ಒತ್ತಿಟ್ಟಿದ್ದಳು, ಬಾಲ್ಕನಿ ಬಾಗಿಲಿಗೆ ಇನ್ನೊಂದು. ಒರಳು ಹೊರುವವರು ಯಾರೂ ಸಿಗಲಿಲ್ಲವೆಂದು ಅವರಮ್ಮ ಬಂದವರ ಕೈಲೆಲ್ಲ ಗುಂಡೇ ಕಳಿಸುತ್ತಿದ್ದರು. ನಾವು ತಂದಿದ್ದಕ್ಕೆ ಒತ್ತಿಡಲು ಆ ಮನೆಯಲ್ಲಿ ಬಾಗಿಲೇ ಉಳಿದಿರಲಿಲ್ಲ.

೩. ಒಳಗೆ ಇನ್ನೂ ಯಾರಿದ್ದಾರೆ

ಇಷ್ಟಾದ ಮೇಲೆ ನಾನು ಊಟದ ಹೊತ್ತಿಗೆ ಅಳೋದು, ಯಜಮಾನರು ಯೋಚನೆ ಮಾಡೋದು ದಿನಚರಿ ಆಯಿತು. ಒಂದು ದಿನ ಅವರಿಗೆ ಹೊಳೆಯಿತು. ಕೈಯಲ್ಲಿ ಬ್ಯಾಗು ಕಂಡರೆ ತಾನೆ ಜನ ಕೇಳೋದು? ಬ್ಯಾಗೇ ಬೇಡ. ನಾನು ಆಫೀಸಿಗೆ ಹೊರಟ ಹಾಗೆ ಹೊರಡುತ್ತೇನೆ, ನೀನು ಸ್ಕೂಲಿಗೆ ಹೊರಟ ಹಾಗೆ ಹೊರಡು, ಬಸ್‌ಸ್ಟ್ಯಾಂಡಿನಲ್ಲಿ ಸೇರಿಕೊಳ್ಳೋಣ ಅಂದರು. ಬಟ್ಟೆ ಹೇಗೆ ಅಂದರೆ, ಅದನ್ನು ನನಗೆ ಬಿಡು ಅಂದರು.

ನನ್ನ ಒಂದು ಸೀರೆ ಹೊಲಿಗೆ ಚೀಲದಲ್ಲಿ ಹಿಡಿಸಿತು. ಇವರು ಮಾತ್ರ ಎರಡು ಬನಿಯನ್ನು, ಅದರ ಮೇಲೆ ಮೂರು ಶರಟು, ಪ್ಯಾಂಟಿನ ಮೇಲೆ ಪ್ಯಾಂಟು, ಸೊಂಟಕ್ಕೆ ಪಂಚೆ, ಹೊಟ್ಟೆಗೆ ಟವೆಲ್ಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರು. ಸೆಕೆಗಾಲ ಬೇರೆ. ಹತ್ತೋಕೆ ಕಾಲು ಎತ್ತಲಾಗದೆ ಕಂಡಕ್ಟರು ಹಿಂದಿನಿಂದ ನೂಕಬೇಕಾಯಿತು.

ಊರು ದಾಟುವಷ್ಟರಲ್ಲಿ ಬೆವರು ಸುರಿಯತೊಡಗಿತು. ಬೇಗೂರು ಹತ್ತಿರ ಬರುವಾಗ ಮುಖ ಕೆಂಪಾಗಿ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಇವರು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ನಾನೂ ಹೇಳುವ ಹಾಗಿಲ್ಲ. ಪಕ್ಕದ ಸೀಟಿನ ಮುದುಕರೊಬ್ಬರು ಹಣೆ ಮುಟ್ಟಿ ನೋಡಿ, ಕೆಂಡದಂಥ ಜ್ವರ ಅಂದರು. ಹೃದಯದ ತೊಂದರೆ ಇರಬೇಕು ಅಂದರು ಇನ್ನೊಬ್ಬರು. ಒಳ್ಳೆಯ ಜನ ಪಾಪ, ಬೇಗೂರಿನಲ್ಲಿ ಬಸ್ಸು ನಿಲ್ಲಿಸಿ, ಇವರನ್ನು ಎತ್ತಿಕೊಂಡೇ ಅಲ್ಲಿನ ಡಾಕ್ಟರ ಮುಂದೆ ಮಲಗಿಸಿದರು. ಎತ್ತಿದವರು ಏದುಸಿರು ಬಿಡುತ್ತಿದ್ದರು. ನೋಡೋಕೆ ಸಣ್ಣ ಆಳು, ಏನು ತೂಕ ಅಂತ ಮಾತಾಡಿಕೊಂಡರು.

ಡಾಕ್ಟರು ಸ್ಟೆತಾಸ್ಕೋಪು ಹಿಡಿದು ಗುಂಡಿ ಬಿಚ್ಚಿದರು. ಕೆಳಗೆ ಶರಟು. ಅದರ ಗುಂಡಿ ಬಿಚ್ಚಿದರು. ಕೆಳಗೆ ಶರಟು. ಅದನ್ನೂ ಬಿಚ್ಚಿ, ಬನಿಯನ್ನು ಎತ್ತಿ, ಇನ್ನೊಂದು ಬನಿಯನ್ನು ಎತ್ತಿ, ಟವೆಲ್ಲು ಸಿಕ್ಕಿದ ಮೇಲೆ ಕೈ ಬಿಟ್ಟರು. ನನ್ನ ಕಡೆ ತಿರುಗಿ ಶಾಂತವಾಗಿ ಕೇಳಿದರು.

"ಅಮ್ಮಾ, ಪೇಷೆಂಟು ಒಬ್ಬರೇನಾ, ಒಳಗೆ ಇನ್ನೂ ಯಾರಾದರೂ ಇದ್ದಾರಾ?"

ಗಾಳಿ ತಾಗಿದ ಕೂಡಲೇ ಇವರು ಎದ್ದು ಕೂತರು. ಏನೂ ಆಗಿಲ್ಲವಲ್ಲ, ಸದ್ಯ ಬದುಕಿದರಲ್ಲ ಅಂತ ನನಗೆ ಹೋದ ಜೀವ ಬಂದಂತಾಯಿತು. ಬೆಂಗಳೂರು ಮಾತ್ರ ಬೇಗೂರಿನಲ್ಲೇ ಮುಗಿಯಿತು.

೪. ಸಾಹೇಬರ ಚಿಕ್ಕಪ್ಪ

ಆಮೇಲೆ ಒಂದು ದಿನ ನಮ್ಮ ಬೀದಿಯ ಒಬ್ಬರು ಸಾವಿನ ಮನೆಗೆಂದು ನಂಜನಗೂಡಿಗೆ ಹೊರಟರು. ನಾನು ಜಗಲಿ ಮೇಲೆ ಕೂತು ನೋಡುತ್ತಿದ್ದೆ. ಕೈಯಲ್ಲಿ ಚೀಲ ಇಲ್ಲ. ಯಾರೂ ಪಾರ್ಸೆಲ್ಲು ತರಲಿಲ್ಲ. ಎಲ್ಲಿಗೆ ಅಂತ ಕೇಳಿದವರಿಲ್ಲ, ಅವರೂ ಹೋಗಿ ಬರುತ್ತೇನೆ ಅಂತ ಹೇಳಲಿಲ್ಲ. ಸುಮ್ಮನೆ ಕೈ ಬೀಸಿಕೊಂಡು ಹೋದರು. ನನಗೆ ಹೊಟ್ಟೆಕಿಚ್ಚಾಯಿತು. ಇಡೀ ತಾಲ್ಲೂಕಿನ ಜನ ಬರಿಗೈಯಲ್ಲಿ ಹೋಗಬಹುದಾದ್ದು ಸಾವಿನ ಮನೆಯೊಂದಕ್ಕೆ.

ಯಜಮಾನರಿಗೆ ಹೇಳಿದೆ. ಅವರು ಮೊದಲು ಬೆಚ್ಚಿದರು, ಆಮೇಲೆ ಯೋಚಿಸಿದರು. ಈಗ ಯಾರನ್ನು ಸಾಯಿಸೋದು ಅನ್ನೋದೇ ಕಷ್ಟ ಆಯಿತು. ನಿಮ್ಮ ಚಂದಕವಾಡಿ ಕಡೆ ದೂರದವರು ಯಾರಾದರೂ ಇದ್ದಾರಾ ಅಂದರು. ನಮ್ಮ ತವರಿನ ಕಡೆ ಯಾಕೆ, ನಿಮ್ಮ ಕಡೆ ಬರಗಾಲವೇ ಅಂತ ಕೇಳಿದೆ. ಕೊನೆಗೆ ಯಾರಿಗೂ ನೋವಾಗದ ಹಾಗೆ, ಹಿಂದೆ ಆಫೀಸಿನಲ್ಲಿದ್ದ ಸಾಹೇಬರ ಚಿಕ್ಕಪ್ಪ ಬೆಂಗಳೂರಿನಲ್ಲಿ ತೀರಿಕೊಂಡರು ಅಂತ ತೀರ್ಮಾನ ಮಾಡಿದೆವು. ಆ ಸಾಹೇಬರಿಗೆ ಚಿಕ್ಕಪ್ಪನೇ ಇರಲಿಲ್ಲ. ಹುಟ್ಟದೇ ಇರುವವರು ಸತ್ತರೆ ಯಾರಿಗೆ ಏನು ನಷ್ಟ?

ಸುದ್ದಿ ಹೇಳಿದಾಗ ಅತ್ತೆ ಸೆರಗು ಬಾಯಿಗೆ ಹಿಡಿದು, ಎಷ್ಟು ವಯಸ್ಸಾಗಿತ್ತಂತೆ ಅಂದರು. ಇವರು ಎಪ್ಪತ್ತು ಅಂದರು, ಅದೇ ಹೊತ್ತಿಗೆ ನಾನು ಎಂಬತ್ತು ಅಂದೆ. ಅತ್ತೆ ಮುಂದೆ ಕೇಳಲಿಲ್ಲ. ಹೆಗಲಿಗೆ ಒಂದು ಬ್ಯಾಗು ಹಾಕಿಕೊಂಡು, ತಲೆ ತಗ್ಗಿಸಿಕೊಂಡು ಬೀದಿ ದಾಟಿದೆವು. ಒಬ್ಬರೂ ತಡೆಯಲಿಲ್ಲ. ಎದುರು ಮನೆಯಾಕೆ ನಮ್ಮನ್ನು ನೋಡಿ ಬಾಗಿಲ ಹಿಂದೆ ಸರಿದರು. ಬಸ್ಸು ಹೊರಟ ಮೇಲೆ ನಾನು ಎರಡೂ ಕೈ ತೊಡೆ ಮೇಲಿಟ್ಟು ನೋಡಿಕೊಂಡೆ. ಖಾಲಿ. ಎಂಥಾ ನೆಮ್ಮದಿ ಅಂತೀರಿ!

ಆ ಎರಡು ದಿನ ನಾವು ಕುಣಿಯಲಿಲ್ಲ ಅಷ್ಟೇ. ಡಬಲ್ ಡೆಕ್ಕರಿನಲ್ಲಿ ಮೇಲಿನ ಮುಂದಿನ ಸೀಟೇ ಸಿಕ್ಕಿತು. ಮಸಾಲೆ ದೋಸೆ ತಿಂದು, ಇನ್ನೊಂದು ತರಿಸಿ ಹಂಚಿಕೊಂಡೆವು. ಲಾಲ್‌ಬಾಗಿನಲ್ಲಿ ಬಂಡೆ ಹತ್ತಿ ಕೂತೆವು. ಕೈ ಬೀಸಿ ಬೀಸಿ ನನ್ನ ರಟ್ಟೆಯೇ ನೋವು ಬಂತು. ಪಾಪ ಗೀಪ ಅಂತ ಒಂದು ಸಲವೂ ಅನ್ನಿಸಲಿಲ್ಲ. ವಾಪಸ್ಸು ಹೊರಡುವಾಗ ಮೆಜೆಸ್ಟಿಕ್ಕಿನಲ್ಲಿ ಇವರು ಒಂದು ಮೊಳ ಮಲ್ಲಿಗೆ ತೆಗೆಸಿಕೊಟ್ಟರು. ಮುಡಿದುಕೊಂಡು ಬಸ್ಸು ಹತ್ತಿ, ಇವರ ಹೆಗಲ ಮೇಲೆ ಒರಗಿ ನಿದ್ದೆ ಮಾಡಿಬಿಟ್ಟೆ.

ಸಂಜೆ ನಮ್ಮ ಬೀದಿಗೆ ಬಂದರೆ ಅರ್ಧ ಬೀದಿ ನಮ್ಮ ಬಾಗಿಲಲ್ಲೇ ನಿಂತಿದೆ. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲವಲ್ಲ, ಅತ್ತೆ ಹೊರಗೆ ಒಗೆಯುವ ಕಲ್ಲಿನ ಹತ್ತಿರ ಬಿಸಿನೀರಿನ ಕೊಳಗ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಮುಖ ಸಣ್ಣದು ಮಾಡಿಕೊಂಡು ಮುಂದೆ ಹೋದೆ. ಅತ್ತೆಯ ಕಣ್ಣು ನನ್ನ ತಲೆ ಮೇಲೆ ನಿಂತಿತು. ಆಗ ಮೂಗಿಗೆ ಘಮ್ಮಂತು. ಸಾವಿನ ಮನೆಯಿಂದ ಜಡೆ ತುಂಬ ಮಲ್ಲಿಗೆ ಮುಡಿದುಕೊಂಡು ಬಂದವಳು ಈ ಭೂಮಿ ಮೇಲೆ ನಾನೊಬ್ಬಳೇ ಇರಬೇಕು. ಮಾನ ಹೋಯಿತು, ಮುಂದೆ ಬೆಂಗಳೂರಿರಲಿ, ಬೀದಿಯಲ್ಲೂ ತಲೆ ಎತ್ತುವಂತಿಲ್ಲ ಅಂದುಕೊಂಡೆ.

ಅತ್ತೆ ನನ್ನ ಸೆರಗೆಳೆದು ತಲೆಗೆ ಹೊದಿಸಿ, ಕಲ್ಲಿನ ಮೇಲೆ ಕೂರಿಸಿ, ಚೆಂಬಿನ ಮೇಲೆ ಚೆಂಬು ನೀರು ಸುರಿದರು. ನೀರಿನ ಜೊತೆ ಒಂದು ಕೈ ಸೆರಗಿನ ಒಳಗೆ ಬಂತು, ಹೂವು ಕಿತ್ತು ಅತ್ತೆಯ ಸೊಂಟಕ್ಕೆ ಸಿಕ್ಕಿಸಿತು. ಬೀದಿಯವರಿಗೆ ಏನೂ ಕಾಣಲಿಲ್ಲ. ಆಮೇಲೆ ಯಜಮಾನರ ತಲೆಗೂ ನಾಲ್ಕು ಚೆಂಬು ಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಹಿರಿಯರೊಬ್ಬರು ಮುಂದೆ ಬಂದು, ಹನ್ನೊಂದರ ಕಾರ್ಯಕ್ಕೆ ಮತ್ತೆ ಹೋಗಬೇಕಲ್ಲ, ಆಗ ಬರಿಗೈಯಲ್ಲಿ ಹೋಗೋದು ಚೆನ್ನಾಗಿರಲ್ಲ, ಬೀದಿಯಿಂದ ಒಂದು ಮೂಟೆ ಅಕ್ಕಿ, ತರಕಾರಿ ಕೊಡೋಣ ಅಂತ ಮಾತಾಡಿಕೊಂಡಿದ್ದೇವೆ ಅಂದರು. ಯಜಮಾನರು ನೆನೆದ ಬಟ್ಟೆಯಲ್ಲಿ ಹಾಗೇ ಗೋಡೆಗೆ ಒರಗಿದರು. ಇಲ್ಲದ ಚಿಕ್ಕಪ್ಪನ ತಿಥಿಗೆ ಒಂದು ಮೂಟೆ ಅಕ್ಕಿ ಹೊತ್ತುಕೊಂಡು ಯಾರ ಮನೆಗೆ ಹೋಗೋದು?

ಅತ್ತೆ ಚೆಂಬು ಕೆಳಗಿಟ್ಟರು. "ಆ ಜನ ಹನ್ನೊಂದು ಗಿನ್ನೊಂದು ಮಾಡದಿಲ್ವಂತೆ, ಮೂರು ದಿನಕ್ಕೇ ಎಲ್ಲಾ ಮುಗಿಸ್ಬುಟ್ಟವ್ರೆ. ನೀವು ಓಗಿ, ಮಕ್ಕಳು ದಣಿದು ಬಂದವೆ," ಅಂದರು. ಬೀದಿ ಲೊಚಗುಟ್ಟಿಕೊಂಡು ಕರಗಿತು.

ಒಳಗೆ ಬಂದು ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ನೆನೆದ ಬಟ್ಟೆಯಲ್ಲೇ ನಿಂತಿದ್ದೆವು. ಅತ್ತೆ ನಿಧಾನವಾಗಿ ಸೊಂಟದಿಂದ ಮಲ್ಲಿಗೆ ತೆಗೆದು, ಕೊಡವಿ, ಕಿಟಕಿಯ ಹತ್ತಿರ ಆರಲು ಇಟ್ಟರು. ಬೈಗುಳ ಬರುತ್ತೆ ಅಂತ ಕಾದೆ. ಅವರು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದರು.

"ಮುಂದಿನ ಸಾರಿ ಯಾರಾದ್ರೂ ಸತ್ರೆ ನನ್ನೂ ಕರ್ಕೊಂಡೋಗಮ್ಮಿ. ನಾನೂ ಬೆಂಗಳೂರು ನೋಡಿಲ್ಲ."